‘ಪ್ಲೆಂಟಿ ಆಫ್’ ತಪ್ಪಿಲ್ಲದೆ ಬಳಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

‘ನಮ್ಮಲ್ಲಿ ನೀರು ಬೇಕಾದಷ್ಟಿದೆ’ ಎನ್ನುವುದನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ ಎಂದರೆ ಎಷ್ಟೋ ಜನ ‘ವಾಟರ್ ಈಸ್ ಪ್ಲೆಂಟಿ’ ಎಂದು ಬರೆಯುತ್ತಾರೆ. ‘ಅಂಗಡಿ ಬೇಕಾದಷ್ಟಿದೆ’ ಎನ್ನಲು ‘ಪ್ಲೆಂಟಿ ಶಾಪ್ ಈಸ್ ದೇರ್’. ‘ದುಡ್ಡು ಬೇಕಾದಷ್ಟಿಲ್ಲ’ ಎನ್ನಲು ‘ಮನಿ ಈಸ್ ನಾಟ್ ಪ್ಲೆಂಟಿ’. ಮೂರೂ ತಪ್ಪು. ಒಮ್ಮೆ ತಿದ್ದಿಕೊಟ್ಟರೂ ಮುಂದಿನ ಪತ್ರದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ಕೆಲಸದ ಕ್ರಮ ತಲೆಕೆಳಗಾಗುವುದೇ ಇದಕ್ಕೆ ಕಾರಣ. ಮೊದಲು ‘ಪ್ಲೆಂಟಿ’ ಎನ್ನುವ ಪದವನ್ನು ಇಟ್ಟುಬಿಡುತ್ತೇವೆ. ಆಮೇಲೆ ಉಳಿದ ವಾಕ್ಯವನ್ನು ಕನ್ನಡದ ಜಾಡಿನಲ್ಲೇ ಎಳೆದುಕೊಂಡು ಹೋಗುತ್ತೇವೆ. ಕೆಳಗಿನ ಕ್ರಮದಲ್ಲಿ ಹೋಗಿ: ಮೊದಲು ಅರ್ಥ, ಆಮೇಲೆ ಇದೆಯೋ ಇಲ್ಲವೋ, ಆಮೇಲೆ ನಾಮಪದ, ಆಮೇಲೆ ‘ಆಫ್’, ಅದಾದ ಮೇಲೆ ಕ್ರಿಯಾಪದ. ಒಂದು ಹಂತ ಹಾರಿಸಿದರೂ ತಪ್ಪು ಅಲ್ಲೇ ನುಸುಳುತ್ತದೆ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಒಂದು ಪೆನ್. ಇಲ್ಲಿ ಇಂಗ್ಲಿಷ್ ವಾಕ್ಯಗಳೆಲ್ಲ ಕನ್ನಡ ಅಕ್ಷರದಲ್ಲಿವೆ. ಒಂದೊಂದನ್ನೂ ನೀವೇ ಇಂಗ್ಲಿಷ್‌ನಲ್ಲಿ ಬರೆದುಕೊಂಡು ಹೋಗಿ. ಸುಮ್ನೆ ಓದಿದರೆ ಕೈಗೆ ಹತ್ತುವುದಿಲ್ಲ.

ಜೊತೆಗೆ ಒಂದು ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಹೇಳುತ್ತದೆ. ಆದರೆ ಒಂದು ಪದವನ್ನು ಎಣಿಸಬಹುದೋ ಇಲ್ಲವೋ ಎನ್ನುವುದು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲರ್ನರ್ಸ್ ಡಿಕ್ಷನರಿಯಲ್ಲಿ ನಾಮಪದದ ಪಕ್ಕದಲ್ಲೇ ‘ಕೌಂಟಬಲ್’ ಅಥವಾ ‘ಅನ್‌ಕೌಂಟಬಲ್’ ಎಂದು, ಇಲ್ಲವೇ ಅವುಗಳ ಮೊದಲ ಅಕ್ಷರ ‘ಸಿ’ ಅಥವಾ ‘ಯು’ ಎಂದು ಹಾಕಿರುತ್ತಾರೆ. ನಮಗೆ ಬೇಕಿರುವುದು ಆ ಗುರುತು.

ಹಂತ 1: ಹೇಳಬೇಕಾದ್ದು ‘ಸಾಕಾಗಿ ಮಿಗುವಷ್ಟು’ ಎಂದೇನಾ?

‘ಪ್ಲೆಂಟಿ ಆಫ್’ ಎಂದರೆ ‘ತುಂಬಾ’ ಎಂದು ಕಲಿತವರು ಜಾಸ್ತಿ. ಅದು ಅರ್ಧ ಸರಿ. ಬೇಕಾದದ್ದಕ್ಕಿಂತ ಹೆಚ್ಚೇ ಇದೆ, ಚಿಂತೆ ಇಲ್ಲ ಎನ್ನುವ ಭಾವ ಈ ಮಾತಿನೊಳಗೇ ಇದೆ. ಕನ್ನಡದ ‘ಬೇಕಾದಷ್ಟು’, ‘ಧಾರಾಳವಾಗಿ’ ಎನ್ನುವ ಮಾತುಗಳಿಗೆ ಅದು ಹತ್ತಿರ. ‘ಬಹಳ’ಕ್ಕೆ ಅಷ್ಟು ಹತ್ತಿರವಲ್ಲ.

ಮದುವೆ ಮನೆಯಲ್ಲಿ ಅನ್ನ ಮಾಡಿದ್ದಾರೆ ಎಂದುಕೊಳ್ಳಿ. ‘ಇನಫ್ ರೈಸ್’ ಎಂದರೆ ಬಂದವರಿಗೆ ಸರಿಹೋಗುತ್ತದೆ. ‘ಪ್ಲೆಂಟಿ ಆಫ್ ರೈಸ್’ ಎಂದರೆ ಎಲ್ಲರೂ ಇನ್ನೊಮ್ಮೆ ಬಡಿಸಿಕೊಂಡರೂ ಮಿಗುತ್ತದೆ. ‘ಟೂ ಮಚ್ ರೈಸ್’ ಎಂದರೆ ಮಿಕ್ಕಿದ್ದನ್ನು ಏನು ಮಾಡುವುದು ಎನ್ನುವ ತಲೆಬಿಸಿ. ‘ಅ ಲಾಟ್ ಆಫ್ ರೈಸ್’ ಎಂದರೆ ಬಹಳ ಮಾಡಿದ್ದಾರೆ, ಅಷ್ಟೆ. ಸಾಕಾಯಿತೋ ಇಲ್ಲವೋ ಅದು ಹೇಳುವುದಿಲ್ಲ.

ಆದ್ದರಿಂದ ‘ವಿ ಕುಕ್ಡ್ ಅ ಲಾಟ್ ಆಫ್ ರೈಸ್, ಬಟ್ ಇಟ್ ವಾಸಂಟ್ ಇನಫ್’ ಸರಿಯಾದ ವಾಕ್ಯ. ಇಲ್ಲೇ ‘ಅ ಲಾಟ್ ಆಫ್’ ತೆಗೆದು ‘ಪ್ಲೆಂಟಿ ಆಫ್’ ಹಾಕಿ ನೋಡಿ. ಸಾಕಾಗಿ ಮಿಗುವಷ್ಟು ಮಾಡಿದೆವು, ಆದರೆ ಸಾಲಲಿಲ್ಲ ಎಂದಂತಾಗುತ್ತದೆ. ಈ ಪರೀಕ್ಷೆಯನ್ನು ಕಲಿತುಕೊಳ್ಳಿ. ನಿಮ್ಮ ವಾಕ್ಯದ ಕೊನೆಗೆ ಮನಸ್ಸಿನಲ್ಲೇ ‘ಆದರೆ ಸಾಲಲಿಲ್ಲ’ ಎಂದು ಸೇರಿಸಿ. ಸೇರಿಸಿದಾಗ ಅರ್ಥ ಕೆಟ್ಟರೆ ‘ಪ್ಲೆಂಟಿ ಆಫ್’ ಬಳಸಬಹುದು. ಕೆಡದಿದ್ದರೆ ‘ಅ ಲಾಟ್ ಆಫ್’ ಸಾಕು.

*ಎಚ್ಚರಿಕೆಯ ಗುರುತು:* ವಾಕ್ಯದಲ್ಲಿ ಸಾವು, ಅಪಘಾತ, ರೋಗ ಇದ್ದರೆ ನಿಲ್ಲಿ. ‘ಪ್ಲೆಂಟಿ ಆಫ್ ಪೀಪಲ್ ಡೈಡ್’ ಎಂದರೆ ಬೇಕಾದಷ್ಟು ಜನ ಸತ್ತರು ಎಂದಂತೆ ಕೇಳಿಸುತ್ತದೆ. ಕನ್ನಡದಲ್ಲೂ ಹಾಗೆ ಹೇಳುವುದಿಲ್ಲ, ಅಲ್ವಾ? ಅಲ್ಲಿ ‘ಮೆನಿ ಪೀಪಲ್’ ಅಥವಾ ‘ಅ ಲಾಟ್ ಆಫ್ ಪೀಪಲ್’ ಎನ್ನಿ. ‘ಪ್ಲೆಂಟಿ ಆಫ್ ಪ್ರಾಬ್ಲಮ್ಸ್’ ಎಂದು ಇಂಗ್ಲಿಷಿನವರು ಹೇಳುವುದುಂಟು. ‘ಇರುವ ತೊಂದರೆಗಳೇ ಸಾಕಷ್ಟಿವೆ, ಇನ್ನೊಂದು ಬೇಡ’ ಎನ್ನುವ ಅರ್ಥದಲ್ಲಿ ಅದು ಹೊಂದುತ್ತದೆ.

ಹಂತ 2: ವಾಕ್ಯದಲ್ಲಿ ‘ಇಲ್ಲ’ ಇದೆಯಾ ನೋಡಿ

ಕನ್ನಡಿಗರು ಇಲ್ಲಿ ಸುಲಭವಾಗಿ ಎಡವುತ್ತಾರೆ.

ಕನ್ನಡದಲ್ಲಿ ‘ಬೇಕಾದಷ್ಟಿದೆ’ ಎನ್ನಬಹುದು, ‘ಬೇಕಾದಷ್ಟಿಲ್ಲ’ ಎನ್ನಲೂಬಹುದು. ಕೊನೆಯ ‘ಇದೆ’ಯನ್ನು ‘ಇಲ್ಲ’ ಮಾಡಿದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ‘ಪ್ಲೆಂಟಿ ಆಫ್’ ಹೆಚ್ಚುಕಡಿಮೆ ‘ಇದೆ’ ಎನ್ನುವ ವಾಕ್ಯಗಳಿಗೇ ಮೀಸಲು. ‘ದೇರ್ ಇಸಂಟ್ ಪ್ಲೆಂಟಿ ಆಫ್ ವಾಟರ್’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ಆದರೆ ಕಿವಿಗೆ ಹೊಂದುವುದಿಲ್ಲ.

‘ಇಲ್ಲ’ ಬಂದ ಕೂಡಲೇ ‘ಪ್ಲೆಂಟಿ’ ಬಿಡಿ. ಅದರ ಜಾಗಕ್ಕೆ ಏನು ಬರಬೇಕು ಎನ್ನುವುದು ನೀವು ಹೇಳಬೇಕಾದ ಮಾತಿನ ಮೇಲೆ ನಿಂತಿದೆ.

ಸಾಕಷ್ಟಿಲ್ಲ ಎನ್ನಲು ‘ನಾಟ್ ಇನಫ್’: ‘ವಿ ಡೋಂಟ್ ಗೆಟ್ ಇನಫ್ ವಾಟರ್.’

ಜಾಸ್ತಿ ಇಲ್ಲ ಎನ್ನಲು, ಎಣಿಸಲಾಗದ್ದಕ್ಕೆ ‘ನಾಟ್ ಮಚ್’, ಎಣಿಸಬಹುದಾದ್ದಕ್ಕೆ ‘ನಾಟ್ ಮೆನಿ’: ‘ದೇರ್ ಇಸಂಟ್ ಮಚ್ ಟೈಮ್’, ‘ದೇರ್ ಆರಂಟ್ ಮೆನಿ ಬಸಸ್’.

ಅಭಾವವಿದೆ ಎನ್ನಲು ‘ಇನ್ ಶಾರ್ಟ್ ಸಪ್ಲೈ’: ‘ವಾಟರ್ ಈಸ್ ಇನ್ ಶಾರ್ಟ್ ಸಪ್ಲೈ.’ ನೀರು ಬರುತ್ತಿಲ್ಲ ಎಂದು ಕಚೇರಿಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯುವವರಿಗೆ ಇದು ಬಹಳ ಉಪಯೋಗದ ಮಾತು. ನಡುವೆ ‘ಅ’ ಸೇರಿಸಿ ‘ಇನ್ ಅ ಶಾರ್ಟ್ ಸಪ್ಲೈ’ ಎನ್ನಬೇಡಿ.

‘ಕೊರತೆಯೇನೂ ಇಲ್ಲ’ ಎಂದು ಹೇಳಬೇಕಾದರೆ ‘ದೇರ್ ಈಸ್ ನೋ ಶಾರ್ಟೇಜ್ ಆಫ್’ ಎಂದು ಶುರು ಮಾಡಿ. ಇದೂ ಹೇರಳವಾಗಿದೆ ಎನ್ನುವ ಮಾತೇ.

ಪ್ರಶ್ನೆಗಳಲ್ಲೂ ಹೆಚ್ಚುಕಡಿಮೆ ಹೀಗೇ. ‘ಡು ಯು ಹ್ಯಾವ್ ಪ್ಲೆಂಟಿ ಆಫ್ ಟೈಮ್?’ ಎನ್ನುವುದು ತಪ್ಪಲ್ಲ. ಆದರೆ ಮಾಮೂಲಿ ಪ್ರಶ್ನೆಗೆ ‘ಡು ಯು ಹ್ಯಾವ್ ಇನಫ್ ಟೈಮ್?’ ಎಂದು ಕೇಳುವುದೇ ಸಹಜ. ‘ಯೆಸ್, ಪ್ಲೆಂಟಿ’ ಎನ್ನುವುದು ಅದಕ್ಕೆ ಚೊಕ್ಕ ಉತ್ತರ.

ಹಂತ 3: ನಾಮಪದವನ್ನು ಎಣಿಸಬಹುದೋ ಇಲ್ಲವೋ ನಿರ್ಧರಿಸಿ

ಕನ್ನಡದಲ್ಲಿ ಪ್ರಮಾಣ ಹೇಳಿದ ಮೇಲೆ ‘ಗಳು’ ಹಾಕಲೇಬೇಕು ಎಂದಿಲ್ಲ. ‘ಹತ್ತು ಪುಸ್ತಕ’, ‘ಬೇಕಾದಷ್ಟು ಅಂಗಡಿ’, ‘ಎಷ್ಟೋ ಮನೆ’ ಎನ್ನುತ್ತೇವೆ. ಇದೇ ಅಭ್ಯಾಸ ಇಂಗ್ಲಿಷ್‌ಗೂ ಬಂದು ‘ಪ್ಲೆಂಟಿ ಆಫ್ ಶಾಪ್’ ಆಗುತ್ತದೆ.

ನಿಯಮ ಇಷ್ಟೇ. ಎಣಿಸಬಹುದಾದ ಪದ ಬಹುವಚನದಲ್ಲೇ ಇರಬೇಕು: ‘ಪ್ಲೆಂಟಿ ಆಫ್ ಶಾಪ್ಸ್’, ‘ಪ್ಲೆಂಟಿ ಆಫ್ ಚೇರ್ಸ್’. ಎಣಿಸಲಾಗದ ಪದಕ್ಕೆ ‘ಎಸ್’ ಸೇರಿಸಬಾರದು: ‘ಪ್ಲೆಂಟಿ ಆಫ್ ವಾಟರ್’, ‘ಪ್ಲೆಂಟಿ ಆಫ್ ಮಿಲ್ಕ್’.

ನೀರು, ಹಾಲು ಯಾರಿಗೂ ಕಷ್ಟವಲ್ಲ. ನಮ್ಮ ಕಣ್ಣಿಗೆ ಎಣಿಸಬಹುದು ಎನಿಸಿದರೂ ಇಂಗ್ಲಿಷ್‌ನಲ್ಲಿ ಎಣಿಸದ ಪದಗಳೇ ಕಷ್ಟ: ಫರ್ನಿಚರ್, ಲಗೇಜ್, ಇನ್ಫರ್ಮೇಶನ್, ಅಡ್ವೈಸ್, ಎಕ್ವಿಪ್‌ಮೆಂಟ್, ಸ್ಟೇಷನರಿ, ಹೋಂವರ್ಕ್, ಟ್ರಾಫಿಕ್, ಫೀಡ್‌ಬ್ಯಾಕ್, ಎವಿಡೆನ್ಸ್. ಮನೆಯಲ್ಲಿ ನಾಲ್ಕು ಕುರ್ಚಿ, ಎರಡು ಮೇಜು ಕಾಣುತ್ತಿದ್ದರೂ ‘ಫರ್ನಿಚರ್ಸ್’ ಎನ್ನುವಂತಿಲ್ಲ. ಈ ಹತ್ತು ಪದಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಇವುಗಳಲ್ಲಿ ಯಾವುದಕ್ಕೂ ‘ಎಸ್’ ಬೇಡ. ಇನ್ನೊಂದು ಕಡೆ ‘ಪೀಪಲ್’, ‘ಚಿಲ್ಡ್ರನ್’ ಆಗಲೇ ಬಹುವಚನ. ‘ಪ್ಲೆಂಟಿ ಆಫ್ ಚಿಲ್ಡ್ರನ್ಸ್’ ಎಂದು ಮತ್ತೆ ‘ಎಸ್’ ಅಂಟಿಸಬೇಡಿ.

ಎರಡೂ ಕಡೆ ಬಳಕೆಯಾಗುವ ಪದಗಳಲ್ಲಿ ‘ಎಸ್’ ಸೇರಿದರೆ ಅರ್ಥವೇ ಬೇರೆ. ಇವನ್ನು ನಿಧಾನವಾಗಿ ನೋಡಿ.

‘ಪ್ಲೆಂಟಿ ಆಫ್ ರೂಮ್’ ಎಂದರೆ ಜಾಗ ಧಾರಾಳವಾಗಿದೆ. ‘ಪ್ಲೆಂಟಿ ಆಫ್ ರೂಮ್ಸ್’ ಎಂದರೆ ಕೋಣೆಗಳು ಬೇಕಾದಷ್ಟಿವೆ. ನೆಂಟರಿಗೆ ಮೆಸೇಜ್ ಮಾಡುವಾಗ ಇದು ತಪ್ಪಿದರೆ, ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿಸುವ ಯೋಚನೆಯಲ್ಲಿರುವ ನಿಮ್ಮ ಮನೆಯಲ್ಲಿ ಅವರು ಬೇರೆ ಬೇರೆ ಕೋಣೆ ಇದೆ ಎಂದುಕೊಂಡು ಬರುತ್ತಾರೆ.

‘ಪ್ಲೆಂಟಿ ಆಫ್ ಟೈಮ್’ ಸಮಯ ಸಾಕಷ್ಟಿದೆ ಎನ್ನಲು. ‘ಪ್ಲೆಂಟಿ ಆಫ್ ಟೈಮ್ಸ್’ ಎಷ್ಟೋ ಸಲ ಎನ್ನಲು.

‘ಪ್ಲೆಂಟಿ ಆಫ್ ಎಕ್ಸ್‌ಪೀರಿಯೆನ್ಸ್’ ಕೆಲಸದ ಅನುಭವ. ‘ಎಕ್ಸ್‌ಪೀರಿಯೆನ್ಸಸ್’ ಎಂದರೆ ಬದುಕಿನಲ್ಲಿ ಕಂಡುಂಡ ಘಟನೆಗಳು. ಕೆಲಸದ ಅರ್ಜಿಯಲ್ಲಿ ಬೇಕಾದದ್ದು ಮೊದಲನೆಯದು.

‘ಪ್ಲೆಂಟಿ ಆಫ್ ಆನಿಯನ್’ ಹೆಚ್ಚಿ ಪಲ್ಯಕ್ಕೆ ಹಾಕಿದ ಈರುಳ್ಳಿ. ‘ಪ್ಲೆಂಟಿ ಆಫ್ ಆನಿಯನ್ಸ್’ ಬುಟ್ಟಿಯಲ್ಲಿರುವ ಇಡೀ ಈರುಳ್ಳಿಗಳು.

*ಎಚ್ಚರಿಕೆಯ ಗುರುತು:* ‘ಆಫ್’ ಆದ ಮೇಲೆ ‘ಅ’, ‘ಆ್ಯನ್’ ಅಥವಾ ‘ಒನ್’ ಬರೆದಿದ್ದರೆ ವಾಕ್ಯ ತಪ್ಪಿದೆ.

ಹಂತ 4: ‘ಆಫ್’ ಕೂಡಿಸಿ, ಬೇರೆ ಏನನ್ನೂ ಕೂಡಿಸಬೇಡಿ

ನಾಮಪದ ಸಿದ್ಧವಾದ ಮೇಲೆ ಅದರ ಮುಂದೆ ‘ಪ್ಲೆಂಟಿ ಆಫ್’ ಇಡಿ. ‘ಪ್ಲೆಂಟಿ ಬುಕ್ಸ್’ ಸಾಲದು, ‘ಪ್ಲೆಂಟಿ ಆಫ್ ಬುಕ್ಸ್’ ಆಗಬೇಕು. ನಡುವೆ ವಿಶೇಷಣ ಬರುವುದಾದರೆ ಅದರ ಜಾಗ ‘ಆಫ್’ ಆದ ಮೇಲೆ: ‘ಪ್ಲೆಂಟಿ ಆಫ್ ಫ್ರೆಶ್ ವೆಜಿಟಬಲ್ಸ್’.

ಮೊದಲಿಗೆ ‘ಅ’ ಬೇಡ. ‘ಅ ಲಾಟ್ ಆಫ್’ ನೋಡಿ ನೋಡಿ ‘ಅ ಪ್ಲೆಂಟಿ ಆಫ್’ ಎಂದು ಬರೆಯುವವರಿದ್ದಾರೆ. ಇವತ್ತಿನ ಇಂಗ್ಲಿಷ್‌ನಲ್ಲಿ ಅದು ನಡೆಯುವುದಿಲ್ಲ. ‘ಪ್ಲೆಂಟೀಸ್ ಆಫ್’ ಕೂಡ ಬೇಡ. ‘ವೆರಿ ಪ್ಲೆಂಟಿ’, ‘ಸೋ ಪ್ಲೆಂಟಿ’, ‘ಮೋರ್ ಪ್ಲೆಂಟಿ’ ಎಲ್ಲವೂ ತಪ್ಪು. ಇನ್ನೂ ಬೇಕಾದಷ್ಟಿದೆ ಎನ್ನಲು ‘ಪ್ಲೆಂಟಿ ಮೋರ್’ ಎನ್ನಿ. ಪದಗಳ ಕ್ರಮ ತಿರುಗಿತು ನೋಡಿ.

ಕಾಗುಣಿತದಲ್ಲಿ ‘ಆಫ್’ಗೆ ಒಂದೇ ‘ಎಫ್’. ಎರಡು ಹಾಕಿದರೆ ಅದು ಸ್ವಿಚ್ ಆಫ್ ಮಾಡುವ ‘ಆಫ್’. ಉಚ್ಚಾರದಲ್ಲೂ ಎರಡು ಬೇರೆ. ಒಂದು ‘ಎಫ್’ ಇರುವ ಪದವನ್ನು ಇಂಗ್ಲಿಷಿನವರು ‘ಅವ್’ ಎಂದು ಮೆಲ್ಲಗೆ ಹೇಳುತ್ತಾರೆ. ಮಾತಿನ ಓಟದಲ್ಲಿ ‘ಪ್ಲೆಂಟಿಯವ್ ಟೈಮ್’ ಎಂದಂತೆ ಕೇಳುತ್ತದೆ. ಕೇಳುವಾಗ ಈ ‘ಅವ್’ ನಮ್ಮ ಕಿವಿಗೆ ತಪ್ಪಿಹೋಗುತ್ತದೆ. ‘ಪ್ಲೆಂಟಿ ಟೈಮ್’ ಎಂದು ಬರೆಯುವ ಅಭ್ಯಾಸಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಹಂತ 5: ಕ್ರಿಯಾಪದವನ್ನು ನಾಮಪದಕ್ಕೆ ಹೊಂದಿಸಿ

‘ಪ್ಲೆಂಟಿ’ ಏಕವಚನವೋ ಬಹುವಚನವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ‘ಆಫ್’ ಆದ ಮೇಲಿನ ಪದವನ್ನು ಮಾತ್ರ ನೋಡಿ. ಅದು ಎಣಿಸಲಾಗದ್ದಾದರೆ ‘ಈಸ್’, ‘ವಾಸ್’, ‘ಹ್ಯಾಸ್’. ಬಹುವಚನವಾದರೆ ‘ಆರ್’, ‘ವರ್’, ‘ಹ್ಯಾವ್’.

‘ದೇರ್ ಈಸ್ ಪ್ಲೆಂಟಿ ಆಫ್ ರೈಸ್.’ ‘ದೇರ್ ಆರ್ ಪ್ಲೆಂಟಿ ಆಫ್ ಪ್ಲೇಟ್ಸ್.’ ‘ಪ್ಲೆಂಟಿ ಆಫ್ ಪೀಪಲ್ ಹ್ಯಾವ್ ಆಸ್ಕ್ಡ್ ಮಿ ದಿಸ್.’

ನಾವು ಮಾತಾಡುವಾಗ ‘ತಟ್ಟೆ ಬೇಕಾದಷ್ಟಿದೆ’ ಎನ್ನುತ್ತೇವೆ. ‘ತಟ್ಟೆಗಳು ಬೇಕಾದಷ್ಟಿವೆ’ ಎನ್ನುವುದು ಬರೆಯುವಾಗ ಮಾತ್ರ. ಆಡುಮಾತಿನ ಈ ‘ಇದೆ’ ಇಂಗ್ಲಿಷ್‌ನಲ್ಲಿ ‘ಈಸ್’ ಆಗಿ ಇಳಿಯುತ್ತದೆ. ಹಾಗಾಗಿ ನಾಮಪದದ ಕೊನೆಯ ‘ಎಸ್’ ಮೇಲೆ ಒಂದು ಗೆರೆ ಎಳೆದು, ಆಮೇಲೆ ಕ್ರಿಯಾಪದ ಬರೆಯಿರಿ. ಸ್ವಲ್ಪ ದಿನ ಹೀಗೆ ಮಾಡಿದರೆ ಗೆರೆಯ ಅಗತ್ಯ ಬೀಳುವುದಿಲ್ಲ.

‘ದೇರ್ಸ್ ಪ್ಲೆಂಟಿ ಆಫ್ ಚೇರ್ಸ್’ ಎಂದು ಇಂಗ್ಲಿಷಿನವರೇ ಹೇಳುವುದನ್ನು ನೀವು ಕೇಳಿರಬಹುದು. ಆಡುಮಾತಿನಲ್ಲಿ ಅದು ನಡೆಯುತ್ತದೆ. ಪರೀಕ್ಷೆಯಲ್ಲಿ, ಪತ್ರದಲ್ಲಿ ಬೇಡ.

ಈಗ ಮೊದಲಿನ ‘ವಾಟರ್ ಈಸ್ ಪ್ಲೆಂಟಿ’ಗೆ ಬರೋಣ. ಕನ್ನಡದಲ್ಲಿ ‘ನೀರು’ ಮೊದಲು ಬರುತ್ತದೆ ಎಂದು ಇಂಗ್ಲಿಷ್‌ನಲ್ಲೂ ಅದನ್ನೇ ಮೊದಲಿಟ್ಟದ್ದರಿಂದ ಆದ ತಪ್ಪು ಇದು. ‘ದೇರ್ ಈಸ್ ಪ್ಲೆಂಟಿ ಆಫ್ ವಾಟರ್’ ಎಂದು ತಿರುಗಿಸಿ. ‘ವಾಟರ್’ ಪದವೇ ಮೊದಲು ಬರಬೇಕು ಎಂದಾದರೆ ‘ಪ್ಲೆಂಟಿ’ ಬಿಟ್ಟು ‘ಪ್ಲೆಂಟಿಫುಲ್’ ಹಾಕಿ: ‘ವಾಟರ್ ಈಸ್ ಪ್ಲೆಂಟಿಫುಲ್ ಹಿಯರ್.’ ‘ಮ್ಯಾಂಗೋಸ್ ಆರ್ ಪ್ಲೆಂಟಿಫುಲ್ ಇನ್ ಮೇ.’ ‘ವೆರಿ’, ‘ಮೋರ್’ ಎನ್ನುವ ಆಸೆ ಇದ್ದರೂ ‘ಪ್ಲೆಂಟಿಫುಲ್’ ಜೊತೆ ತೀರಿಸಿಕೊಳ್ಳಬಹುದು: ‘ಮೋರ್ ಪ್ಲೆಂಟಿಫುಲ್’ ಸರಿಯಾದ ಪ್ರಯೋಗ.

ಹಂತ 6: ನಾಮಪದ ಬಿಟ್ಟರೆ ‘ಆಫ್’ ಕೂಡ ಬಿಡಿ

ಯಾವುದರ ಬಗ್ಗೆ ಮಾತು ಎಂದು ಇಬ್ಬರಿಗೂ ಗೊತ್ತಿದ್ದರೆ ‘ಪ್ಲೆಂಟಿ’ ಒಂದೇ ಸಾಕು. ಇನ್ನಷ್ಟು ಬಡಿಸಲು ಬಂದವರಿಗೆ ‘ನೋ ಥ್ಯಾಂಕ್ಸ್, ಐ ಹ್ಯಾವ್ ಪ್ಲೆಂಟಿ’ ಎನ್ನಿ. ‘ಐ ಹ್ಯಾವ್ ಪ್ಲೆಂಟಿ ಆಫ್’ ಎಂದು ನಿಲ್ಲಿಸಿದರೆ ವಾಕ್ಯ ನಡುದಾರಿಯಲ್ಲಿ ನಿಂತಂತೆ. ಸರ್ವನಾಮ ಹಾಕುವುದಾದರೆ ‘ಆಫ್’ ಉಳಿಯುತ್ತದೆ: ‘ಪ್ಲೆಂಟಿ ಆಫ್ ಇಟ್’, ‘ಪ್ಲೆಂಟಿ ಆಫ್ ದೆಮ್’.

‘ಪ್ಲೆಂಟಿ’ ಆದ ಕೂಡಲೇ ‘ಟು’ ಬಂದರೂ ‘ಆಫ್’ ಬೇಡ. ‘ಪ್ಲೆಂಟಿ ಟು ಈಟ್’, ‘ಪ್ಲೆಂಟಿ ಟು ಡು’.

ಹಂತ 7: ಎಲ್ಲಿ ಬರೆಯುತ್ತಿದ್ದೀರಿ ಎಂದು ನೋಡಿ

ಮೆಸೇಜ್, ಮಾತುಕತೆ, ಸ್ನೇಹಿತರ ಇಮೇಲ್‌ನಲ್ಲಿ ‘ಪ್ಲೆಂಟಿ ಆಫ್’ ಚೆನ್ನಾಗಿ ಹೊಂದುತ್ತದೆ. ಕಂಪನಿ ವರದಿ, ಸಂಶೋಧನಾ ಪ್ರಬಂಧ, ಕೆಲಸದ ಅರ್ಜಿಯಲ್ಲಿ ಅದು ಸ್ವಲ್ಪ ಸಲುಗೆಯ ಮಾತಾಗುತ್ತದೆ. ‘ಐ ಹ್ಯಾವ್ ಪ್ಲೆಂಟಿ ಆಫ್ ಎಕ್ಸ್‌ಪೀರಿಯೆನ್ಸ್’ ವ್ಯಾಕರಣಕ್ಕೆ ಸರಿ. ಅರ್ಜಿಯಲ್ಲಿ ‘ಐ ಹ್ಯಾವ್ ಕನ್ಸಿಡರಬಲ್ ಎಕ್ಸ್‌ಪೀರಿಯೆನ್ಸ್’ ಎಂದರೆ ಇನ್ನೂ ಚೆನ್ನ. ಎಣಿಸಬಹುದಾದ್ದಕ್ಕೆ ‘ಅ ಲಾರ್ಜ್ ನಂಬರ್ ಆಫ್’, ಎಣಿಸಲಾಗದ್ದಕ್ಕೆ ‘ಅ ಗ್ರೇಟ್ ಡೀಲ್ ಆಫ್’ ಬಳಸಬಹುದು. ಸಾಕಾಗಿ ಮಿಗುವಷ್ಟು ಎನ್ನುವ ಭಾವವನ್ನೂ ಉಳಿಸಿಕೊಳ್ಳಬೇಕಾದರೆ ‘ಆ್ಯಂಪಲ್’ ಹಾಕಿ: ‘ಆ್ಯಂಪಲ್ ಟೈಮ್’, ‘ಆ್ಯಂಪಲ್ ಎವಿಡೆನ್ಸ್’. ಅದಕ್ಕೆ ‘ಆಫ್’ ಬೇಡ.

‘ಮ್ಯಾಂಗೋಸ್ ಅಪ್ಲೆಂಟಿ’ ಎನ್ನುವಂಥ ಪ್ರಯೋಗ ಎಲ್ಲಾದರೂ ಓದಿದರೆ ಗಾಬರಿಯಾಗಬೇಡಿ. ‘ಅಪ್ಲೆಂಟಿ’ ಒಂದೇ ಪದ, ಬೇಕಾದಷ್ಟು ಎಂದೇ ಅರ್ಥ, ನಾಮಪದ ಆದ ಮೇಲೆ ಬರುತ್ತದೆ. ಕಥೆ, ಜಾಹೀರಾತುಗಳಲ್ಲಿ ಸಿಗುತ್ತದೆ. ಓದಿ ಅರ್ಥ ಮಾಡಿಕೊಂಡರೆ ಸಾಕು, ಕಲಿಯುವಾಗ ಬಳಸಲು ಹೋಗಬೇಡಿ.

ಎಲ್ಲ ಹಂತ ಸೇರಿಸಿ ಒಂದು ಮೆಸೇಜ್ ಬರೆಯೋಣ

ಮದುವೆಗೆ ಹೊರದೇಶದಿಂದ ಬರುವ ಗೆಳೆಯರಿಗೆ ಇಷ್ಟು ಹೇಳಬೇಕು: ‘ನಮ್ಮ ಮನೆ ಹತ್ತಿರ ಹೋಟೆಲ್ ಬೇಕಾದಷ್ಟಿದೆ. ಕಾರ್ ನಿಲ್ಲಿಸಲು ಜಾಗ ಧಾರಾಳವಾಗಿದೆ. ಊಟಕ್ಕೆ ಏನೂ ಕಮ್ಮಿ ಇಲ್ಲ. ಮುಹೂರ್ತ ಹನ್ನೊಂದಕ್ಕೆ, ಸಮಯ ಬೇಕಾದಷ್ಟಿದೆ. ರಾತ್ರಿ ಬಸ್ ಮಾತ್ರ ಜಾಸ್ತಿ ಇಲ್ಲ, ಹಾಗಾಗಿ ದಯವಿಟ್ಟು ಟ್ಯಾಕ್ಸಿ ಮಾಡಿಕೊಳ್ಳಿ.’ ಕೆಳಗಿನದನ್ನು ಓದುವ ಮೊದಲು ನೀವೇ ಇಂಗ್ಲಿಷ್‌ನಲ್ಲಿ ಬರೆಯಿರಿ.

1. ಹೋಟೆಲ್ ಎಣಿಸಬಹುದಾದ್ದು. ‘ಎಸ್’ ಬೇಕು, ಕ್ರಿಯಾಪದ ‘ಆರ್’. ‘ದೇರ್ ಆರ್ ಪ್ಲೆಂಟಿ ಆಫ್ ಹೋಟೆಲ್ಸ್ ನಿಯರ್ ಅವರ್ ಹೌಸ್.’

2. ಇಲ್ಲಿ ‘ರೂಮ್’ ಎಂದರೆ ಜಾಗ. ಎಣಿಸುವುದಿಲ್ಲ. ‘ದೇರ್ ಈಸ್ ಪ್ಲೆಂಟಿ ಆಫ್ ರೂಮ್ ಟು ಪಾರ್ಕ್.’

3. ಕನ್ನಡದಲ್ಲಿ ‘ಕಮ್ಮಿ ಇಲ್ಲ’ ಎಂದು ಕೊನೆಗೆ ‘ಇಲ್ಲ’ ಇದ್ದರೂ ಅರ್ಥ ‘ಬೇಕಾದಷ್ಟಿದೆ’ ಎಂದೇ. ಆದ್ದರಿಂದ ‘ಪ್ಲೆಂಟಿ’ ಸರಿ. ನಾಮಪದವಿಲ್ಲ, ‘ಆಫ್’ ಬೇಡ. ‘ದೇರ್ ವಿಲ್ ಬಿ ಪ್ಲೆಂಟಿ ಟು ಈಟ್.’

4. ‘ದ ವೆಡಿಂಗ್ ಈಸ್ ಅಟ್ ಇಲೆವೆನ್, ಸೋ ಯು ವಿಲ್ ಹ್ಯಾವ್ ಪ್ಲೆಂಟಿ ಆಫ್ ಟೈಮ್.’ ‘ಟೈಮ್ಸ್’ ಎಂದು ಬರೆದಿದ್ದರೆ ಹಂತ 3ಕ್ಕೆ ಹಿಂತಿರುಗಿ.

5. ಬಸ್ಸಿನ ವಾಕ್ಯದಲ್ಲಿ ನಿಜವಾದ ‘ಇಲ್ಲ’ ಇದೆ. ‘ಪ್ಲೆಂಟಿ’ ಕೈಬಿಡಿ. ಬಸ್ ಎಣಿಸಬಹುದಾದ್ದು, ಹಾಗಾಗಿ ‘ಮಚ್’ ಅಲ್ಲ, ‘ಮೆನಿ’. ‘ಬಟ್ ದೇರ್ ಆರಂಟ್ ಮೆನಿ ಬಸಸ್ ಅಟ್ ನೈಟ್, ಸೋ ಪ್ಲೀಸ್ ಟೇಕ್ ಅ ಟ್ಯಾಕ್ಸಿ.’